ಹೋಲಿಕೆ ಶೇಕಡಾ 4, ಆಕರಗಳೇ ಇಲ್ಲ: ಎಐ ಕಾಲದ ಕೃತಿಚೌರ್ಯಕ್ಕೆ ಕಾಲೇಜು ಗ್ರಂಥಾಲಯ ಏನು ಮಾಡಬೇಕು?

ಮೊದಲೆಲ್ಲ ಕದ್ದ ಮಾಲಿಗೆ ಒಬ್ಬ ಯಜಮಾನ ಇರುತ್ತಿದ್ದ. ಪ್ರಾಜೆಕ್ಟನ್ನು ಹೋಲಿಕೆ ತೋರಿಸುವ ತಂತ್ರಾಂಶಕ್ಕೆ ಹಾಕಿದರೆ ವಿಕಿಪೀಡಿಯದ ಪುಟವೋ ಯಾರದೋ ಹಳೆಯ ಪ್ರಬಂಧವೋ ಬಣ್ಣ ಬಳಿದುಕೊಂಡು ಎದ್ದು ಬರುತ್ತಿತ್ತು. 2022ರ ನವೆಂಬರ್ 30ರಂದು, ಕೇಳಿದ್ದನ್ನು ಬರೆದುಕೊಡುವ ಎಐ (ಕೃತಕ ಬುದ್ಧಿಮತ್ತೆ) ಸಾಧನ ಚಾಟ್‌ಜಿಪಿಟಿ ಬಂತು, ಆ ಲೆಕ್ಕ ತಪ್ಪಿತು. ಎಐ ಕೊಡುವ ವಾಕ್ಯ ಹೆಚ್ಚಾಗಿ ಅದಕ್ಕೂ ಹಿಂದೆ ಎಲ್ಲೂ ಇದ್ದದ್ದಲ್ಲ, ಹಾಗಾಗಿ ಹೋಲಿಸಿ ನೋಡಲು ಮೂಲವೇ ಸಿಗುವುದಿಲ್ಲ. ವರದಿಯಲ್ಲಿ ಹೋಲಿಕೆ ಶೇಕಡಾ 4 ಎಂದಿರುತ್ತದೆ, ಗೈಡ್ ಸಹಿ ಹಾಕುತ್ತಾರೆ. ಆಕರಸೂಚಿಯಲ್ಲಿರುವ ಪುಸ್ತಕಗಳಲ್ಲಿ ಅರ್ಧದಷ್ಟು ಯಾವ ಪ್ರೆಸ್ಸಿನಲ್ಲೂ ಅಚ್ಚಾದದ್ದಲ್ಲ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ.

ಕಾಸರಗೋಡಿನಂಥ ಗಡಿ ಜಿಲ್ಲೆಯ ಕಾಲೇಜು ಗ್ರಂಥಾಲಯಗಳಲ್ಲಿ ಕೆಲಸ ಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಗೈಡ್‌ಗಳಿಗೂ ವಿದ್ಯಾರ್ಥಿಗಳಿಗೂ ಉಪಯೋಗಕ್ಕೆ ಬಂದೀತು. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ‘ಇದನ್ನು ಬರೆದದ್ದು ಮನುಷ್ಯನೋ ಯಂತ್ರವೋ’ ಎಂಬ ಪ್ರಶ್ನೆಯ ಹಿಂದೆ ಗ್ರಂಥಾಲಯ ಓಡಬಾರದು. ಅದಕ್ಕೆ ನಂಬಬಹುದಾದ ಉತ್ತರ ಕೊಡುವ ಸಾಧನ ಸದ್ಯಕ್ಕಂತೂ ಇಲ್ಲ. ‘ಈ ಮಾಹಿತಿ ಎಲ್ಲಿಂದ ಬಂತು’ ಎಂದು ಕೇಳೋಣ. ಆ ಪ್ರಶ್ನೆಗೆ ಉತ್ತರ ಹುಡುಕುವುದೇ ನಾವು ಕಲಿತ ವಿದ್ಯೆ.

ಹಂತ 1: ನಿಯಮ ಎಲ್ಲಿಗೆ ಅನ್ವಯ, ಎಲ್ಲಿಗಿಲ್ಲ ಎಂದು ತಿಳಿದುಕೊಳ್ಳಿ

ಕೃತಿಚೌರ್ಯ ತಡೆಗೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರ ಜುಲೈನಲ್ಲಿ ನಿಯಮಾವಳಿ ಹೊರಡಿಸಿತು. ಅದರಲ್ಲಿ ನಾಲ್ಕು ಮಟ್ಟಗಳಿವೆ. ಹೋಲಿಕೆ ಶೇಕಡಾ 10ರ ವರೆಗೆ ಇದ್ದರೆ ದಂಡನೆ ಇಲ್ಲ. 10ರಿಂದ 40ರ ಒಳಗಾದರೆ ಆರು ತಿಂಗಳು ಮೀರದ ಅವಧಿಯೊಳಗೆ ತಿದ್ದಿ ಮತ್ತೆ ಒಪ್ಪಿಸಬೇಕು. 40ರಿಂದ 60 ಆದರೆ ಒಂದು ವರ್ಷ ಒಪ್ಪಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಇಷ್ಟು ಎಲ್ಲರಿಗೂ ಬಾಯಿಪಾಠ. ಹೆಚ್ಚಿನವರು ಓದದೆ ಬಿಡುವುದು ವ್ಯಾಖ್ಯೆಗಳ ಭಾಗವನ್ನು. ಸಂಶೋಧನ ಲೇಖನ, ಪ್ರಬಂಧ, ಪುಸ್ತಕ, ಪುಸ್ತಕದ ಅಧ್ಯಾಯ ಇವಕ್ಕೆ ಮಾತ್ರ ಈ ನಿಯಮ ಅನ್ವಯಿಸುತ್ತದೆ. ಅಸೈನ್‌ಮೆಂಟ್, ಟರ್ಮ್ ಪೇಪರ್, ಪ್ರಾಜೆಕ್ಟ್ ರಿಪೋರ್ಟ್, ಉತ್ತರಪತ್ರಿಕೆಗಳನ್ನು ಸ್ಪಷ್ಟವಾಗಿಯೇ ಹೊರಗಿಟ್ಟಿದ್ದಾರೆ. ಹಾಗಾಗಿ ಡಿಗ್ರಿ ವಿದ್ಯಾರ್ಥಿನಿಯ ಅಸೈನ್‌ಮೆಂಟಿನ ಮೇಲೆ ‘ಯುಜಿಸಿ ಮಿತಿ ಮೀರಿದೆ’ ಎಂದು ಷರಾ ಬರೆಯಲು ಯಾರಿಗೂ ಅಧಿಕಾರವಿಲ್ಲ. ಅಲ್ಲಿಗೆ ಬೇಕಾದ ನಿಯಮವನ್ನು ಕಾಲೇಜೇ ಮಾಡಿಕೊಳ್ಳಬೇಕು.

ನಿಯಮಾವಳಿ ಚಾಟ್‌ಜಿಪಿಟಿಗಿಂತ ನಾಲ್ಕು ವರ್ಷ ಹಳೆಯದು, ಎಐ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ. ಆದ್ದರಿಂದ ಗ್ರಂಥಾಲಯ ಮಾಡಬೇಕಾದ ಮೊದಲ ಕೆಲಸ ಒಂದು ಪುಟದ ಎಐ ನೀತಿಯ ಕರಡು ಬರೆದು ಕಾಲೇಜ್ ಕೌನ್ಸಿಲ್ ಮುಂದಿಡುವುದು. ಒಂದೇ ಪುಟ ಸಾಕು, ಉದ್ದವಾದರೆ ಯಾರೂ ಓದುವುದಿಲ್ಲ. ಕಾಗುಣಿತ ತಿದ್ದಿಸಿಕೊಳ್ಳಲು, ವಿಷಯ ಅರ್ಥ ಮಾಡಿಕೊಳ್ಳಲು ಎಐ ಬಳಸಬಹುದು. ಅನುವಾದ, ಸಾರಾಂಶ, ಭಾಷೆ ನಯಗೊಳಿಸುವುದು ಇವನ್ನು ಮಾಡಿದರೆ ಹೇಳಿಯೇ ಮಾಡಬೇಕು. ವಿಶ್ಲೇಷಣೆ, ತೀರ್ಮಾನ, ಸಂದರ್ಶನದ ಮಾತು, ಕ್ಷೇತ್ರಕಾರ್ಯದ ವಿವರ, ಆಕರಸೂಚಿ ಇವನ್ನು ಎಐಯಿಂದ ಬರೆಸುವಂತಿಲ್ಲ. ಇಷ್ಟು ಬರೆದರೆ ನೀತಿ ಆಯಿತು. ಅದನ್ನು ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ನೋಟಿಸ್ ಬೋರ್ಡಿಗೆ ಹಾಕಿ. ಮಲಯಾಳದಲ್ಲಿ ಮಾತ್ರ ಬಂದ ಸುತ್ತೋಲೆಯ ಮುಂದೆ ಕನ್ನಡ ಮಾಧ್ಯಮದ ಮಕ್ಕಳು ನಿಂತು ಪಕ್ಕದವರನ್ನು ಕೇಳುವುದು ನಮ್ಮ ಜಿಲ್ಲೆಯಲ್ಲಿ ಹೊಸತೇನಲ್ಲ. ಶಿಕ್ಷೆಗೆ ಕಾರಣವಾಗಬಹುದಾದ ನಿಯಮದಲ್ಲಾದರೂ ಹಾಗೆ ಆಗಬಾರದು.

ಹಂತ 2: ಕನ್ನಡ ಫೈಲು ತಪಾಸಣೆಗೆ ತಕ್ಕುದೇ ಎಂದು ನೋಡಿ

ಇಂಗ್ಲಿಷ್ ಪ್ರಬಂಧಕ್ಕೆ ಈ ಹಂತ ಅಷ್ಟಾಗಿ ಬೇಡ. ಕನ್ನಡಕ್ಕೆ ಇದು ಬಿಟ್ಟರೆ ಮುಂದಿನದೆಲ್ಲ ವ್ಯರ್ಥ.

ಡಿಟಿಪಿ ಅಂಗಡಿಗಳಲ್ಲಿ ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳು ಇನ್ನೂ ಚಾಲ್ತಿಯಲ್ಲಿವೆ. ಆ ಫಾಂಟಿನಲ್ಲಿ ಟೈಪ್ ಮಾಡಿದ್ದು ನಮ್ಮ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ರೋಮನ್ ಅಕ್ಷರಗಳ ಕಲಸುಮೇಲೋಗರ. ತಂತ್ರಾಂಶ ಅದನ್ನು ಯಾವ ಕನ್ನಡ ಪಠ್ಯದ ಜೊತೆಗೂ ಹೋಲಿಸಲಾರದು. ಫಲಿತಾಂಶ ಸೊನ್ನೆ ಬರುತ್ತದೆ, ಅದನ್ನೇ ಪ್ರಾಮಾಣಿಕತೆಯ ಸರ್ಟಿಫಿಕೇಟ್ ಎಂದುಕೊಂಡು ಬೈಂಡಿಂಗಿಗೆ ಕಳಿಸುತ್ತಾರೆ. ಪರೀಕ್ಷಿಸುವುದು ಸುಲಭ. ಫೈಲಿನಿಂದ ಒಂದು ಸಾಲು ನಕಲು ಮಾಡಿ ವಾಟ್ಸಾಪಿನಲ್ಲಿ ಅಂಟಿಸಿ. ಕನ್ನಡವೇ ಬಂದರೆ ಅದು ಯೂನಿಕೋಡ್, ಎಂದರೆ ಕಂಪ್ಯೂಟರಿಗೂ ಕನ್ನಡವೇ ಆದ ಅಕ್ಷರ. ತಲೆಯ ಮೇಲೆ ಗೆರೆ ಹೊತ್ತ ರೋಮನ್ ಅಕ್ಷರ, ನಡುನಡುವೆ ಪೌಂಡ್ ಗುರುತು ಬಂದರೆ ಹಳೆಯ ಫಾಂಟು. ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತನ್ನಿ. ಒತ್ತಕ್ಷರ ಮತ್ತು ಅರ್ಕಾವತ್ತು ಮುರಿದಿವೆಯೇ ಎಂದು ಒಂದೆರಡು ಪುಟ ಕಣ್ಣಾಡಿಸಿ. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಅದರಲ್ಲಿ ಅಕ್ಷರವೇ ಇಲ್ಲ, ಬರೀ ಚಿತ್ರ. ವರ್ಡ್ ಫೈಲನ್ನೇ ಕೇಳಿ ಪಡೆಯಿರಿ.

ಇನ್ನೊಂದು ಚಾಲಾಕಿತನವೂ ಸಾಧ್ಯ. ಕನ್ನಡ ಮತ್ತು ತೆಲುಗಿನ ಕೆಲವು ಅಕ್ಷರಗಳು ನೋಡಲು ಹೆಚ್ಚುಕಡಿಮೆ ಒಂದೇ, ಯೂನಿಕೋಡಿನಲ್ಲಿ ಅವುಗಳ ಸಂಖ್ಯೆ ಬೇರೆ. ಕನ್ನಡ ಗಕಾರದ ಜಾಗದಲ್ಲಿ ತೆಲುಗಿನದನ್ನು ಕೂರಿಸಿದರೆ ಪದ ಬೇರೆಯಾಗಿ ಹೋಲಿಕೆ ತಪ್ಪುತ್ತದೆ. ಸಂಶಯ ಬಂದರೆ ಇಡೀ ಪಠ್ಯಕ್ಕೆ ಬೇರೊಂದು ಕನ್ನಡ ಫಾಂಟು ಹಾಕಿ ನೋಡಿ, ಹೊರಗಿನ ಅಕ್ಷರಗಳು ದಪ್ಪವೋ ತೆಳುವೋ ಆಗಿ ಬೇರೆಯೇ ನಿಲ್ಲುತ್ತವೆ. ಬಿಳಿ ಬಣ್ಣದಲ್ಲಿ ಅಡಗಿಸಿದ ಸಾಲುಗಳಿದ್ದರೆ, ಎಲ್ಲ ಆಯ್ದು ಕಪ್ಪು ಬಣ್ಣ ಕೊಟ್ಟಾಗ ಕಾಣಿಸುತ್ತವೆ.

ಹಂತ 3: ಶೇಕಡಾವಾರು ಬಿಟ್ಟು ವರದಿಯ ಪುಟಗಳನ್ನು ಓದಿ

ಗುಜರಾತಿನ ಗಾಂಧಿನಗರದಲ್ಲಿರುವ, ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ ಇನ್‌ಫ್ಲಿಬ್‌ನೆಟ್ ಕೇಂದ್ರದ ಮೂಲಕ 2019ರಲ್ಲಿ ಕೃತಿಚೌರ್ಯ ತಪಾಸಣೆಯ ಶೋಧಶುದ್ಧಿ ಯೋಜನೆ ಶುರುವಾಯಿತು. ಆರಂಭದಲ್ಲಿ ಉರ್ಕುಂಡ್ ತಂತ್ರಾಂಶ ಇತ್ತು, ಅದೇ ಒರಿಜಿನಲ್ ಎಂಬ ಹೆಸರು ಪಡೆಯಿತು, ಬಳಿಕ ಡ್ರಿಲ್‌ಬಿಟ್ ಬಂತು. ಈ ಸೌಲಭ್ಯ ಮುಖ್ಯವಾಗಿ ವಿಶ್ವವಿದ್ಯಾಲಯಗಳಿಗೆ. ನಮ್ಮಂಥ ಸಂಯೋಜಿತ ಕಾಲೇಜುಗಳಿಗೆ ವಿಶ್ವವಿದ್ಯಾಲಯದ ಗ್ರಂಥಾಲಯದ ಮೂಲಕ ಹೋಗುವುದೇ ದಾರಿ. ಆ ಗ್ರಂಥಪಾಲಕರ ಫೋನ್ ನಂಬರು ನಿಮ್ಮ ಮೇಜಿನ ಮೇಲಿರಲಿ.

ಫೈಲು ಹಾಕುವ ಮುನ್ನ ಸೆಟ್ಟಿಂಗ್ ಸರಿಮಾಡಿಕೊಳ್ಳಿ. ಗುರುತಿಸಿ ಉಲ್ಲೇಖಿಸಿದ ಉದ್ಧರಣೆ, ಆಕರಸೂಚಿ, ಪರಿವಿಡಿ, ಮುನ್ನುಡಿ, ಕೃತಜ್ಞತೆ ಇವನ್ನು ಲೆಕ್ಕದಿಂದ ಬಿಡಬೇಕೆಂದು ಯುಜಿಸಿ ನಿಯಮವೇ ಹೇಳುತ್ತದೆ. ಸಾಮಾನ್ಯ ತಿಳಿವಳಿಕೆಯ ಅಥವಾ ಆಕಸ್ಮಿಕವಾಗಿ ಒಂದೇ ಆದ ಮಾತಿಗೆ ಸತತ 14 ಪದಗಳ ತನಕ ವಿನಾಯಿತಿ ಇದೆ. ಈ 14ರ ಲೆಕ್ಕ ಇಂಗ್ಲಿಷಿಗೆ ಹೊಂದುತ್ತದೆ. ಕನ್ನಡದಲ್ಲಿ ಪ್ರತ್ಯಯವೆಲ್ಲ ಪದಕ್ಕೇ ಅಂಟುವುದರಿಂದ 14 ಪದದಲ್ಲಿ ಒಂದು ಸಣ್ಣ ಪ್ಯಾರಾದ ಅರ್ಧ ಮುಗಿದಿರುತ್ತದೆ. ‘ಬರೆದಿದ್ದಾರೆ’ ಎಂಬುದನ್ನು ‘ಬರೆದಿರುತ್ತಾರೆ’ ಮಾಡಿದರೆ ಸರಣಿಯೂ ತುಂಡಾಗುತ್ತದೆ. ಆದ್ದರಿಂದ ಕನ್ನಡ ಪ್ರಬಂಧದ ಕಡಿಮೆ ಹೋಲಿಕೆಯನ್ನು ಇಂಗ್ಲಿಷ್ ಪ್ರಬಂಧದ ಕಡಿಮೆ ಹೋಲಿಕೆಯಷ್ಟೇ ನಂಬಬೇಡಿ.

ಇದರ ತಿರುವುಮುರುವೂ ನಡೆಯುತ್ತದೆ. ಯಕ್ಷಗಾನ ಪ್ರಸಂಗದ ಪದ್ಯ, ವಚನ, ಶಾಸನಪಾಠ, ತುಳು ಜನಪದ ಕಾವ್ಯವಾದ ಪಾಡ್ದನದ ಸಾಲು ಇವನ್ನು ಕನ್ನಡದವರು ಉದ್ಧರಣ ಚಿಹ್ನೆ ಇಲ್ಲದೆ ನಡುಪುಟದಲ್ಲಿ ಅಚ್ಚು ಹಾಕುವುದು ರೂಢಿ. ತಂತ್ರಾಂಶ ಉದ್ಧರಣೆಯನ್ನು ಗುರುತಿಸುವುದು ಹೆಚ್ಚಾಗಿ ಜೋಡಿ ಚಿಹ್ನೆ ನೋಡಿಯೇ. ಪಾರ್ತಿಸುಬ್ಬನ ಪದ್ಯಗಳ ಮೇಲೆ ಎಂಎ ಪ್ರಬಂಧ ಬರೆದ ಹುಡುಗಿಗೆ ಹೀಗೆ ಶೇಕಡಾ 30 ಬಂದರೆ ಅದು ಕಳ್ಳತನದ ಲೆಕ್ಕವಲ್ಲ, ಪದ್ಯಗಳ ಲೆಕ್ಕ. ಬಣ್ಣ ಬಿದ್ದ ಸಾಲುಗಳನ್ನು ಒಂದೊಂದಾಗಿ ನೋಡಿ, ಉದ್ಧರಣೆ ಯಾವುದು, ಎತ್ತಿದ್ದು ಯಾವುದು ಎಂದು ಅಂಚಿನಲ್ಲಿ ಬರೆಯಿರಿ. ಈ ಷರಾ ಇಲ್ಲದ ವರದಿಯನ್ನು ಗೈಡಿಗೆ ಕೊಡಲೇಬಾರದು.

ಕರಡು ತಪಾಸಣೆ ಮಾಡುವಾಗ ಫೈಲನ್ನು ತಂತ್ರಾಂಶದ ಭಂಡಾರದಲ್ಲಿ ಉಳಿಸದ ಆಯ್ಕೆಯನ್ನೇ ಒತ್ತಿ. ಇಲ್ಲವಾದರೆ ಅಂತಿಮ ಪ್ರತಿ ಹಾಕಿದ ದಿನ ವಿದ್ಯಾರ್ಥಿ ತನ್ನ ಕರಡಿನಿಂದಲೇ ಕದ್ದ ಹಾಗೆ ಕಾಣಿಸುತ್ತದೆ. ‘ಉಚಿತ ತಪಾಸಣೆ’ ಎಂದು ಬೋರ್ಡು ಹಾಕಿಕೊಂಡ ಸೈಟುಗಳಿಗೆ ಪ್ರಬಂಧ ಹಾಕಬೇಡಿ ಎಂದು ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳಿ. ಅಲ್ಲಿಗೆ ಹೋದ ಪಠ್ಯ ಎಲ್ಲಿ ಉಳಿಯುತ್ತದೆ, ಯಾರ ಕೈಸೇರುತ್ತದೆ ಎಂಬುದಕ್ಕೆ ಹೊಣೆ ಇಲ್ಲ.

ಇಲ್ಲೇ ಕಾಪಿರೈಟಿನ ಗೊಂದಲವನ್ನೂ ಬಿಡಿಸಬೇಕು. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ನಮ್ಮ ಕಾಯ್ದೆಯಂತೆ ಲೇಖಕರ ಮರಣಾನಂತರ 60 ವರ್ಷ ಹಕ್ಕು ಇರುವುದರಿಂದ, ಅವರ ಜೀವಿತಕಾಲದಲ್ಲಿ ಪ್ರಕಟವಾದ ಬರಹಗಳು 2024ರ ಆರಂಭದಿಂದ ಎಲ್ಲರ ಸೊತ್ತು. ಯಾರೂ ಅಚ್ಚು ಹಾಕಬಹುದು. ಆದರೆ ಪೈಗಳ ಸಂಶೋಧನೆಯ ಒಂದು ವಾದವನ್ನು ಅವರ ಹೆಸರಿಲ್ಲದೆ ತನ್ನ ಪ್ರಬಂಧಕ್ಕೆ ಇಳಿಸಿದರೆ ಕೃತಿಚೌರ್ಯವೇ. ಕಯ್ಯಾರ ಕಿಞ್ಞಣ್ಣ ರೈಗಳದ್ದಾದರೆ (ನಿಧನ 2015) ಕಾಪಿರೈಟ್, ಕೃತಿಚೌರ್ಯ ಎರಡೂ ಲೆಕ್ಕ ಒಟ್ಟಿಗೆ ಬರುತ್ತದೆ.

ಹಂತ 4: ಎಐ ಪತ್ತೆ ಯಂತ್ರದ ಮಾತನ್ನು ಸಾಕ್ಷಿ ಎಂದು ತೆಗೆದುಕೊಳ್ಳಬೇಡಿ

ಪ್ರಿನ್ಸಿಪಾಲರು ಮೊದಲು ಕೇಳುವುದೇ ಇದನ್ನು: ‘ಎಐ ಎಷ್ಟು ಪರ್ಸೆಂಟ್ ಇದೆ, ತೆಗೆದುಕೊಡಿ.’ ಅವರಿಗೆ ಹೇಳಲು ಕೆಲವು ಸಂಗತಿಗಳನ್ನು ಇಟ್ಟುಕೊಳ್ಳಿ.

ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಒಂದು ಪತ್ತೆ ಸಾಧನ ಬಿಟ್ಟಿತು. ಎಐ ಬರೆದದ್ದರಲ್ಲಿ ಶೇಕಡಾ 26ನ್ನು ಮಾತ್ರ ಅದು ಸರಿಯಾಗಿ ಹಿಡಿಯಿತು, ಮನುಷ್ಯರು ಬರೆದದ್ದರಲ್ಲಿ ಶೇಕಡಾ 9ನ್ನು ಎಐ ಎಂದು ತಪ್ಪಾಗಿ ಹೇಳಿತು. ನಿಖರತೆ ಸಾಲದೆಂದು ಅದೇ ಜುಲೈಯಲ್ಲಿ ಹಿಂದಕ್ಕೆ ತೆಗೆದರು. ಅದೇ ವರ್ಷ ಸ್ಟ್ಯಾನ್‌ಫರ್ಡಿನ ಸಂಶೋಧಕರು ಇಂಗ್ಲಿಷ್ ಮನೆಮಾತಲ್ಲದವರು ಬರೆದ 91 ಟೋಫೆಲ್ (ಇಂಗ್ಲಿಷ್ ಭಾಷಾ ಪರೀಕ್ಷೆ) ಪ್ರಬಂಧಗಳನ್ನು ಏಳು ಪತ್ತೆ ಸಾಧನಗಳಿಗೆ ಕೊಟ್ಟರು. ಸರಾಸರಿ ಶೇಕಡಾ 61ರಷ್ಟನ್ನು ಅವು ಎಐ ಬರಹವೆಂದು ತೀರ್ಪಿತ್ತವು. ಸರಳ ಪದ, ಗೊತ್ತಿರುವ ವಾಕ್ಯರಚನೆ ಬಳಸುವುದೇ ಆ ವಿದ್ಯಾರ್ಥಿಗಳಿಗೆ ಮುಳುವಾಯಿತು. ಪೆರ್ಲ, ಮುಳ್ಳೇರಿಯ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದು ಇಂಗ್ಲಿಷಿನಲ್ಲಿ ಬರೆಯುವ ನಮ್ಮ ಮಕ್ಕಳೂ ನಿಲ್ಲುವುದು ಅದೇ ಸಾಲಿನಲ್ಲಿ.

ಹೋಲಿಕೆ ತಪಾಸಣೆಯ ತಂತ್ರಾಂಶ ಟರ್ನಿಟಿನ್ 2023ರ ಏಪ್ರಿಲಿನಲ್ಲಿ ಎಐ ಪತ್ತೆ ಸೇರಿಸಿ, ತಪ್ಪು ಆರೋಪ ಶೇಕಡಾ 1ಕ್ಕಿಂತ ಕಡಿಮೆ ಎಂದಿತು. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಇದನ್ನು ಲೆಕ್ಕ ಹಾಕಿ ನೋಡಿತು. ತಾನು 2022ರಲ್ಲಿ ತಪಾಸಿಸಿದ್ದು 75,000 ಪತ್ರಿಕೆ, ಅದರಲ್ಲಿ ಶೇಕಡಾ 1 ಎಂದರೆ ಸುಮಾರು 750 ಪತ್ರಿಕೆಗಳ ಮೇಲೆ ಸುಳ್ಳು ಆರೋಪ. 2023ರ ಆಗಸ್ಟಿನಲ್ಲೇ ಆ ಎಐ ಪತ್ತೆಯನ್ನು ನಿಲ್ಲಿಸಿತು. ಟರ್ನಿಟಿನ್ ಕೂಡ ಈಗ ಶೇಕಡಾ 20ರ ಕೆಳಗಿನ ಎಐ ಅಂಕಿಯನ್ನು ನಂಬಿಕೆಗೆ ಸಾಲದೆಂದು ತೋರಿಸುವುದೇ ಇಲ್ಲ, ನಕ್ಷತ್ರ ಚಿಹ್ನೆ ಹಾಕಿ ಬಿಡುತ್ತದೆ. ಇದೆಲ್ಲ ಇಂಗ್ಲಿಷಿನ ಕತೆ. ಕನ್ನಡ ಪಠ್ಯದ ಮೇಲೆ ಇಂಥ ಯಂತ್ರ ಕೊಡುವ ಸಂಖ್ಯೆಯನ್ನು ಕಡತದಲ್ಲಿ ಸೇರಿಸುವುದನ್ನೇ ನಾನು ವಿರೋಧಿಸುತ್ತೇನೆ.

ಕಿವಿಯ ಅಂದಾಜಿಗೂ ಇದೇ ಮಾತು. ‘ಮಹತ್ವದ ಪಾತ್ರ ವಹಿಸುತ್ತದೆ’, ‘ಒಟ್ಟಾರೆಯಾಗಿ ಹೇಳುವುದಾದರೆ’ ಎಂದು ಪ್ಯಾರಾ ಪ್ಯಾರಾಕ್ಕೂ ಬಂದರೆ ಎಐ ವಾಸನೆ ಹೊಡೆಯುವುದು ನಿಜ. ಗೈಡು ಪುಸ್ತಕ ಓದಿ ಬೆಳೆದ ಮಕ್ಕಳೂ ಹಾಗೆಯೇ ಬರೆಯುತ್ತಾರೆ, ಎಐ ಹುಟ್ಟುವ ಮೊದಲೂ ಬರೆಯುತ್ತಿದ್ದರು. ವಾಸನೆ ಬಂದರೆ ಮುಂದಿನ ಹಂತಕ್ಕೆ ಹೋಗಿ, ತೀರ್ಪಿಗೆ ಹೋಗಬೇಡಿ.

ಹಂತ 5: ಆಕರಸೂಚಿಯ ಒಂದೊಂದು ನಮೂದನ್ನೂ ಹುಡುಕಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಮಾಡಲು ಸಮಯವಿದ್ದರೆ ಇದನ್ನು ಮಾಡಿ.

ಎಐ ಒಂದು ಪುಸ್ತಕದ ಹೆಸರು ಹೇಳುವಾಗ ಯಾವ ಕಪಾಟನ್ನೂ ನೋಡಿ ಹೇಳುವುದಿಲ್ಲ. ಮುಂದೆ ಯಾವ ಪದ ಬಂದರೆ ಹೊಂದುತ್ತದೆ ಎಂದು ಲೆಕ್ಕ ಹಾಕಿ ಜೋಡಿಸುತ್ತದೆ. ವೆಬ್ ಹುಡುಕಾಟ ಸೇರಿಕೊಂಡ ಹೊಸ ಸಾಧನಗಳಲ್ಲೂ ಈ ರೋಗ ಪೂರ್ತಿ ಹೋಗಿಲ್ಲ. ಲೇಖಕ ನಿಜ, ಪ್ರಕಾಶಕ ನಿಜ, ಶೀರ್ಷಿಕೆ ಮಾತ್ರ ಇಲ್ಲದ್ದು. ಹೀಗೆ ಅರ್ಧ ಸತ್ಯದ ನಮೂದುಗಳೇ ಹೆಚ್ಚು, ಅವೇ ಅಪಾಯ. ನ್ಯೂಯಾರ್ಕಿನಲ್ಲಿ ವಕೀಲರು ಚಾಟ್‌ಜಿಪಿಟಿ ಸೃಷ್ಟಿಸಿದ, ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಒಪ್ಪಿಸಿ 2023ರ ಜೂನಿನಲ್ಲಿ 5,000 ಡಾಲರ್ ದಂಡ ಕಟ್ಟಿದರು. ತರಗತಿಯಲ್ಲಿ ಇದನ್ನು ಹೇಳಿ, ಮಕ್ಕಳು ಮರೆಯುವುದಿಲ್ಲ.

ಹುಡುಕುವ ಕ್ರಮ ಹೀಗಿರಲಿ. ಮೊದಲು ವರ್ಷಗಳನ್ನು ತಾಳೆ ನೋಡಿ. ಗೋವಿಂದ ಪೈಗಳು 1968ರಲ್ಲಿ ಪತ್ರಿಕೆಯೊಂದಕ್ಕೆ ಲೇಖನ ಬರೆದರು ಎಂದಿದ್ದರೆ, ತೀರಿಕೊಂಡು ಐದು ವರ್ಷದ ಮೇಲೆ ಬರೆದಂತಾಯಿತು. ಅದು ಮರುಮುದ್ರಣವೇ ಎಂದು ಕೇಳಿ. ಹಾಗಾಗಿದ್ದರೆ ಮೊದಲ ಪ್ರಕಟಣೆಯ ವಿವರ ವಿದ್ಯಾರ್ಥಿಯ ಬಳಿ ಇರಬೇಕು. ಕಣ್ಣೂರು ವಿಶ್ವವಿದ್ಯಾಲಯ ಶುರುವಾದದ್ದು 1996ರಲ್ಲಿ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ 2009ರಲ್ಲಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ 1991ರಲ್ಲಿ. ‘ಕನ್ನಡ ವಿಶ್ವವಿದ್ಯಾಲಯ, ಹಂಪಿ, 1984’ ಎಂದು ಪ್ರಕಾಶನದ ವಿವರ ಬಂದರೆ ಮುಂದೆ ಹುಡುಕುವ ಶ್ರಮವೇ ಬೇಡ.

ಲೇಖನಕ್ಕೆ ಡಿಒಐ ಸಂಖ್ಯೆ (ಅಂತರ್ಜಾಲದಲ್ಲಿ ಅದರ ಕಾಯಂ ಗುರುತಿನ ಸಂಖ್ಯೆ) ಇದ್ದರೆ ಅದರ ಅಧಿಕೃತ ತಾಣದಲ್ಲಿ ಹಾಕಿ. ತೆರೆಯದೇ ಇದ್ದರೆ ಸುಳ್ಳು ಎಂಬುದು ಅರ್ಧ ಮಾತು, ತೆರೆದು ಬೇರೆಯೇ ಲೇಖನ ಬಂದರೂ ಸುಳ್ಳೇ. ಎರಡನೆಯದನ್ನು ನೋಡದೆ ಬಿಡುವವರು ಬಹಳ. ಪುಸ್ತಕದ ಐಎಸ್‌ಬಿಎನ್‌ಗೆ (ಪುಸ್ತಕಕ್ಕೆ ಕೊಡುವ ಗುರುತಿನ ಸಂಖ್ಯೆ) ಇಂಟರ್ನೆಟ್ಟೂ ಬೇಡ, ಪೆನ್ನು ಸಾಕು. ಹದಿಮೂರು ಅಂಕಿಗಳಲ್ಲಿ ಎಡದಿಂದ ಮೊದಲನೆಯದನ್ನು 1ರಿಂದ, ಎರಡನೆಯದನ್ನು 3ರಿಂದ, ಮೂರನೆಯದನ್ನು ಮತ್ತೆ 1ರಿಂದ, ಹೀಗೆ ಗುಣಿಸುತ್ತ ಹೋಗಿ ಕೂಡಿಸಿ. ಮೊತ್ತ 10ರಿಂದ ನಿಶ್ಶೇಷವಾಗಿ ಭಾಗವಾಗಬೇಕು. 9780306406157 ಎಂಬುದನ್ನು ತೆಗೆದುಕೊಳ್ಳಿ: 9, 21, 8, 0, 3, 0, 6, 12, 0, 18, 1, 15, 7, ಕೂಡಿದರೆ 100. ಸರಿಯಾದ ಸಂಖ್ಯೆ. ಕೊನೆಯ ಅಂಕಿ 8 ಆಗಿದ್ದರೆ 101 ಬರುತ್ತಿತ್ತು, ಅಂಥದ್ದು ಬೆರಳು ತಪ್ಪಿದ್ದೋ ಕಟ್ಟುಕತೆಯೋ ಎಂದು ಕೇಳಬೇಕು. ಲೆಕ್ಕ ಸರಿ ಬಂದ ಮಾತ್ರಕ್ಕೆ ಪುಸ್ತಕ ಇದೆ ಎಂದಾಗುವುದಿಲ್ಲ. ಐಎಸ್‌ಬಿಎನ್ ಅಂತಾರಾಷ್ಟ್ರೀಯ ಮಾನಕವಾದದ್ದು 1970ರಲ್ಲಿ. 1955ರ ಮೊದಲ ಮುದ್ರಣಕ್ಕೆ ಆ ಸಂಖ್ಯೆ ಜೋಡಿಸಿದ್ದು ಕಂಡರೆ ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡಿಲ್ಲ ಎಂದೇ ಅರ್ಥ.

ಡಿಒಐ, ಐಎಸ್‌ಬಿಎನ್ ಎರಡೂ ಇಲ್ಲದ ಕನ್ನಡ ಪುಸ್ತಕಗಳೇ ನಮ್ಮಲ್ಲಿ ಜಾಸ್ತಿ. ಅವಕ್ಕೆ ಮೊದಲು ನಿಮ್ಮದೇ ಗ್ರಂಥಾಲಯ ತಂತ್ರಾಂಶ ಕೋಹಾದ ಕ್ಯಾಟಲಾಗ್, ನಂತರ ಜಗತ್ತಿನ ಗ್ರಂಥಾಲಯಗಳ ಜಂಟಿ ಕ್ಯಾಟಲಾಗ್ ವರ್ಲ್ಡ್‌ಕ್ಯಾಟ್, ಇಂಟರ್ನೆಟ್ ಆರ್ಕೈವಿನಲ್ಲಿರುವ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಕನ್ನಡ ಸ್ಕ್ಯಾನುಗಳು. ಸಂಶೋಧನ ಪ್ರಬಂಧವಾದರೆ ಭಾರತದ ವಿಶ್ವವಿದ್ಯಾಲಯಗಳ ಪ್ರಬಂಧ ಭಂಡಾರ ಶೋಧಗಂಗಾ. ಅಲ್ಲಿ ಕೇರಳದ ವಿಶ್ವವಿದ್ಯಾಲಯಗಳಿಗಷ್ಟೇ ನಿಲ್ಲಬೇಡಿ. ಕಾಸರಗೋಡಿನ ಮೇಲೆ ಆದ ಕೆಲಸ ಮಂಗಳೂರು, ಮೈಸೂರು, ಹಂಪಿಯಲ್ಲಿ ಹಂಚಿಹೋಗಿದೆ. ಎಲ್ಲೂ ಸಿಗದಿದ್ದರೆ ‘ಪುಸ್ತಕ ಇಲ್ಲ’ ಎಂದು ಬರೆಯಬೇಡಿ, ‘ಈ ಕಡೆಗಳಲ್ಲಿ ಹುಡುಕಿದೆ, ಸಿಗಲಿಲ್ಲ’ ಎಂದು ಬರೆಯಿರಿ. ಊರಿನ ದೇವಸ್ಥಾನದ ಬ್ರಹ್ಮಕಲಶದ ಸ್ಮರಣಸಂಚಿಕೆ, ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆ ಇಂಥವು ಯಾವ ಕ್ಯಾಟಲಾಗಿನಲ್ಲೂ ಇರುವುದಿಲ್ಲ. ಯಾರದೋ ಮನೆಯ ಅಟ್ಟದಲ್ಲಿ ಇರುತ್ತವೆ, ಒಳ್ಳೆಯ ವಿದ್ಯಾರ್ಥಿ ಅದನ್ನೇ ಹುಡುಕಿಕೊಂಡು ಹೋಗಿರುತ್ತಾನೆ.

ಇರುವ ಪುಸ್ತಕವೇ ಆದರೂ ಎರಡು ಮೂರು ಕಡೆ ಪುಟಸಂಖ್ಯೆ ತೆರೆದು ನೋಡಿ. 140 ಪುಟದ ಪುಸ್ತಕದಿಂದ 212ನೇ ಪುಟವನ್ನು ಉದ್ಧರಿಸಿದ್ದರೆ ಮಾತುಕತೆಗೆ ಅಲ್ಲಿಂದಲೇ ಶುರು ಮಾಡಬಹುದು.

ಹಂತ 6: ಮಲಯಾಳದಿಂದ ಬಂದದ್ದನ್ನು ಪತ್ತೆಹಚ್ಚಿ

ಇದು ಗಡಿಯ ಸಮಸ್ಯೆ. ಬೆಂಗಳೂರಿನ ಗ್ರಂಥಾಲಯಕ್ಕೆ ಇದರ ಬಿಸಿ ಅಷ್ಟಾಗಿ ತಟ್ಟುವುದಿಲ್ಲ. ತೆಯ್ಯಂ, ಬೇಕಲ ಕೋಟೆ, ಎಂಡೋಸಲ್ಫಾನ್, ಅಡಿಕೆ ಕೃಷಿ ಯಾವುದರ ಬಗ್ಗೆಯೂ ಮಲಯಾಳದಲ್ಲಿ ರಾಶಿ ಬರಹ ಇದೆ. ಅದನ್ನು ಎಐಗೆ ಕೊಟ್ಟು ಕನ್ನಡಕ್ಕೆ ತಂದರೆ ಹೋಲಿಕೆ ಸೊನ್ನೆ. ಆ ಬರಹಕ್ಕೆ ಶ್ರಮಪಟ್ಟವರ ಹೆಸರೂ ಸೊನ್ನೆ.

ಗುರುತು ಸಿಗುವುದು ಊರ ಹೆಸರುಗಳಲ್ಲಿ. ಬದಿಯಡ್ಕದ ಹುಡುಗ ಎಂದೂ ತನ್ನ ಊರನ್ನು ‘ಬದಿಯಡುಕ್ಕ’ ಎಂದು ಬರೆಯುವುದಿಲ್ಲ. ಮಂಜೇಶ್ವರ ‘ಮಂಚೇಶ್ವರಂ’ ಆಗಿದ್ದರೆ, ಕುಂಬಳೆ ‘ಕುಂಬಳ’ ಆಗಿದ್ದರೆ, ಚಂದ್ರಗಿರಿ ಹೊಳೆಗೆ ‘ಪುಳ’ ಎಂಬ ಬಾಲ ಅಂಟಿದ್ದರೆ ಮೂಲ ಯಾವ ಲಿಪಿಯಲ್ಲಿತ್ತೆಂದು ಹೇಳಬೇಕಾಗಿಲ್ಲ. ಅಂಥ ಪ್ಯಾರಾದ ಒಂದು ವಿಶಿಷ್ಟ ವಾಕ್ಯವನ್ನು, ಹೆಸರೋ ಇಸವಿಯೋ ಇರುವಂಥದ್ದನ್ನು, ಮಲಯಾಳಕ್ಕೆ ತಿರುಗಿಸಿ ಹುಡುಕಿ. ಇಂಗ್ಲಿಷಿನಲ್ಲೂ ಒಮ್ಮೆ ನೋಡಿ. ನಿಮಗೆ ಮಲಯಾಳ ಓದಲು ಬಾರದಿದ್ದರೆ ಪಕ್ಕದ ವಿಭಾಗದವರು ಇದ್ದಾರಲ್ಲ. ಎರಡು ಭಾಷೆಯ ಸಿಬ್ಬಂದಿ ಒಂದೇ ಕೌಂಟರಿನಲ್ಲಿ ಕೂರುವ ಅನುಕೂಲ ನಮಗಿದೆ, ಯಾವ ತಂತ್ರಾಂಶದಲ್ಲೂ ಅದಿಲ್ಲ.

ಅನುವಾದಿಸಿ ಬಳಸುವುದು ತಪ್ಪಲ್ಲ ಎಂಬುದನ್ನು ಮಾತ್ರ ಗಟ್ಟಿಯಾಗಿ ಹೇಳಿ. ಮೂಲ ಲೇಖಕರ ಹೆಸರು, ‘ಅನುವಾದ ನನ್ನದು’ ಅಥವಾ ‘ಎಐ ಅನುವಾದ, ನಾನು ತಿದ್ದಿದ್ದು’ ಎಂಬ ಒಂದು ಸಾಲು ಇದ್ದರೆ ಅದೇ ಪ್ಯಾರಾ ಒಳ್ಳೆಯ ಸಂಶೋಧನೆ.

ಹಂತ 7: ವಿದ್ಯಾರ್ಥಿಯ ಜೊತೆ ಹತ್ತು ನಿಮಿಷ ಕೂತು ಮಾತಾಡಿ

ಕೌಂಟರಿನಲ್ಲಿ ನಾಲ್ಕು ಜನರ ಎದುರು ಬೇಡ, ಒಳಗೆ ಕರೆದು ಕೂರಿಸಿ. ‘ಇದನ್ನು ಎಐಯಲ್ಲಿ ಬರೆಸಿದ್ದಲ್ವಾ?’ ಎಂದು ಕೇಳಿದರೆ ‘ಅಲ್ಲ’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಬಾಗಿಲು ಮುಚ್ಚಿತು. ಆಕರದಿಂದ ಶುರು ಮಾಡಿ.

‘ಈ ಏಳನೇ ಪುಸ್ತಕ ಎಲ್ಲಿ ಸಿಕ್ಕಿದ್ದು? ನಮ್ಮಲ್ಲಿ ಇಲ್ಲವಲ್ಲ.’
‘ನೆಟ್ಟಿನಲ್ಲಿ ಟೀಚರೇ.’
‘ಪಿಡಿಎಫ್ ಉಂಟಾ? ನನಗೂ ಬೇಕಿತ್ತು.’
‘ಪಿಡಿಎಫ್ ಇಲ್ಲ... ಹೆಸರು ಮಾತ್ರ ಕೊಟ್ಟದ್ದು.’
‘ಯಾರು ಕೊಟ್ಟದ್ದು?’

ಇಲ್ಲಿಗೆ ಬಂದ ಮೇಲೆ ಹೆಚ್ಚಿನ ಮಕ್ಕಳು ತಾವೇ ಹೇಳುತ್ತಾರೆ. ಹೇಳಿದವರನ್ನು ಗದರಿಸಬೇಡಿ. ಪುಸ್ತಕವೇ ಇಲ್ಲದ ನಮೂದು ತಮ್ಮ ಹೆಸರಿನಲ್ಲಿ ಹೋಗುತ್ತಿತ್ತು ಎಂಬುದು ಅವರಿಗೆ ಆಗಲೇ ಗೊತ್ತಾಗುವುದು.

ತಾನೇ ಬರೆದವನಿಗೆ ತೋರಿಸಲು ಏನಾದರೂ ಇದ್ದೇ ಇರುತ್ತದೆ. ಗೂಗಲ್ ಡಾಕ್ಸಿನಲ್ಲಿ ಬರೆದಿದ್ದರೆ ಹಳೆಯ ಆವೃತ್ತಿಗಳು, ಡಿಟಿಪಿಗೆ ಕೊಟ್ಟಿದ್ದರೆ ಕೈಬರಹದ ಪ್ರತಿ, ಫೋನಿನಲ್ಲಿ ಸಂದರ್ಶನದ ಧ್ವನಿಮುದ್ರಣ, ಪುಸ್ತಕದ ಪುಟಗಳ ಫೋಟೊ. ಇವನ್ನೆಲ್ಲ ವೈವಾ ಮುಗಿಯುವ ತನಕ ಇಟ್ಟುಕೊಳ್ಳಿ ಎಂದು ವರ್ಷದ ಆರಂಭದಲ್ಲೇ ಹೇಳಿಬಿಡಿ. ವಿದ್ಯಾರ್ಥಿ ಯಾವ ಪುಸ್ತಕ ಒಯ್ದಿದ್ದ ಎಂಬ ಕೋಹಾ ದಾಖಲೆಯನ್ನು ಮಾತ್ರ ಆರೋಪಕ್ಕೆ ಬಳಸಬೇಡಿ. ಓದಿದ್ದನ್ನು ಗುಟ್ಟಾಗಿಡುವುದು ನಮ್ಮ ವೃತ್ತಿಧರ್ಮ. ತನ್ನ ಪರವಾಗಿ ತೋರಿಸಿ ಎಂದು ಅವನೇ ಕೇಳಿದರೆ ಆ ಮಾತು ಬೇರೆ.

ಹಂತ 8: ಬಳಕೆಯನ್ನು ಹೇಳಿಕೊಳ್ಳುವ ಒಕ್ಕಣೆ ಕೊಡಿ

‘ಎಐ ಬಳಸಿದರೆ ತಿಳಿಸಿ’ ಎಂದರೆ ಸಾಲದು, ಹೇಗೆ ತಿಳಿಸಬೇಕೆಂದು ಗೊತ್ತಿಲ್ಲದೆ ಬಿಟ್ಟುಬಿಡುತ್ತಾರೆ. ಇಂಥ ಒಂದು ಮಾದರಿಯನ್ನು ಪ್ರಿಂಟ್ ತೆಗೆದು ಕೊಡಿ:

‘ಈ ಪ್ರಬಂಧದ ಎರಡನೇ ಅಧ್ಯಾಯದಲ್ಲಿ ಬಳಸಿದ ಮಲಯಾಳ ಲೇಖನಗಳ ಕರಡು ಅನುವಾದಕ್ಕೆ ______ ಎಂಬ ಎಐ ಸಾಧನವನ್ನು ______ ತಿಂಗಳಲ್ಲಿ ಬಳಸಿದ್ದೇನೆ. ಅನುವಾದವನ್ನು ಮೂಲದೊಂದಿಗೆ ತಾಳೆ ನೋಡಿ ತಿದ್ದಿದ್ದೇನೆ. ಆಕರಸೂಚಿಯ ಎಲ್ಲ ಪುಸ್ತಕ, ಲೇಖನಗಳನ್ನು ನಾನೇ ನೋಡಿದ್ದೇನೆ. ವಿಶ್ಲೇಷಣೆ ಮತ್ತು ತೀರ್ಮಾನಗಳ ಹೊಣೆ ನನ್ನದು.’

ಎಐಯನ್ನು ಸಹಲೇಖಕ ಎಂದು ಹಾಕುವಂತಿಲ್ಲ. ಬರಹಕ್ಕೆ ಹೊಣೆ ಹೊರಲಾರದ್ದು ಲೇಖಕನಾಗದು ಎಂದು ಪ್ರಕಟಣಾ ನೀತಿಸಂಹಿತೆಯ ಸಮಿತಿ ಕೋಪ್ 2023ರಲ್ಲೇ ಹೇಳಿದೆ.

ಹಂತ 9: ದೂರು ಮೇಲೆ ಹೋದರೆ ನಿಮ್ಮ ಗೆರೆ ದಾಟಬೇಡಿ

ಯುಜಿಸಿ ನಿಯಮದಂತೆ ಮೊದಲು ವಿಭಾಗದ ಮಟ್ಟದ ಸಮಿತಿ ವಿಚಾರಿಸಿ 45 ದಿನದೊಳಗೆ ವರದಿ ಕೊಡಬೇಕು, ಆಮೇಲೆ ಸಂಸ್ಥೆಯ ಮಟ್ಟದ ಸಮಿತಿ. ವಿದ್ಯಾರ್ಥಿಯ ಮಾತು ಕೇಳದೆ ಶಿಕ್ಷೆ ಇಲ್ಲ. ಗ್ರಂಥಾಲಯ ಕೊಡಬೇಕಾದದ್ದು ಟಿಪ್ಪಣಿ ಮಾತ್ರ: ಯಾವ ತಂತ್ರಾಂಶ, ಯಾವ ಸೆಟ್ಟಿಂಗ್, ಯಾವ ಸಾಲು ಎಲ್ಲಿಯದು, ಯಾವ ಆಕರ ಎಲ್ಲೆಲ್ಲಿ ಹುಡುಕಿದರೂ ಸಿಗಲಿಲ್ಲ. ‘ಕದ್ದಿದ್ದಾನೆ’ ಎಂಬ ಪದ ನಿಮ್ಮ ಟಿಪ್ಪಣಿಯಲ್ಲಿ ಬರಬಾರದು.

ಹಂತ 10: ನಿಮ್ಮ ಕಪಾಟಿನ ಹಳೆಯ ಪ್ರಾಜೆಕ್ಟುಗಳನ್ನು ಹುಡುಕಬಲ್ಲಂತೆ ಮಾಡಿ

ಎಐ ಬಂದ ಗದ್ದಲದಲ್ಲಿ ಹಳೆಯ ದಾರಿ ಮುಚ್ಚಿಹೋಗಿಲ್ಲ. ಸೀನಿಯರಿನ ಪ್ರಾಜೆಕ್ಟ್ ಪೆನ್‌ಡ್ರೈವಿನಲ್ಲಿ ಬಂದು, ಊರ ಹೆಸರು ಮಾತ್ರ ಬದಲಾಗಿ ಜೂನಿಯರಿನದ್ದಾಗುವುದು ಈಗಲೂ ಇದೆ. ಅದನ್ನೇ ಎಐಗೆ ಕೊಟ್ಟು ವಾಕ್ಯ ತಿರುಗಿಸಿದರೆ ಇನ್ನೂ ಸಲೀಸು. ಯಾವ ತಂತ್ರಾಂಶವೂ ಇದನ್ನು ಹಿಡಿಯದು, ಏಕೆಂದರೆ ಆ ಪ್ರಾಜೆಕ್ಟು ನಿಮ್ಮ ಸ್ಟಾಕ್ ರೂಮಿನಲ್ಲಿ ಧೂಳು ತಿನ್ನುತ್ತಿದೆ.

ತಕ್ಕ ಕಂಪ್ಯೂಟರ್ ಇದ್ದರೆ ಫೈಲುಗಳನ್ನು ಹುಡುಕಬಲ್ಲಂತೆ ಇಡುವ ಡಿಸ್ಪೇಸ್ ತಂತ್ರಾಂಶ ಹಾಕಿಕೊಳ್ಳಬಹುದು, ಉಚಿತ. ಅದಾಗದಿದ್ದರೆ ಶೀರ್ಷಿಕೆ, ವಿಷಯ, ಕ್ಷೇತ್ರಕಾರ್ಯದ ಊರು, ಸಂದರ್ಶನ ಕೊಟ್ಟವರು ಎಷ್ಟು ಮಂದಿ, ಅಧ್ಯಾಯಗಳ ಹೆಸರು ಇಷ್ಟನ್ನು ಒಂದು ಎಕ್ಸೆಲ್ ಹಾಳೆಗೆ ಏರಿಸಿ. ನಕಲಾಗುವುದು ಹೆಚ್ಚಾಗಿ ಚೌಕಟ್ಟೇ, ಅಧ್ಯಾಯಗಳ ಸಾಲು ನೋಡಿದರೆ ಗೊತ್ತಾಗುತ್ತದೆ. ಕಳೆದ ಮೂರು ವರ್ಷದವುಗಳಿಂದ ಶುರು ಮಾಡಿ, ನಕಲು ಹೋಗುವುದು ಅವೇ. ಸ್ಕ್ಯಾನ್ ಮಾಡುವುದಾದರೆ 300 ಡಿಪಿಐಗಿಂತ ಕಡಿಮೆ ಬೇಡ, ಕಡಿಮೆಯಾದರೆ ಒತ್ತಕ್ಷರ ಹಾಳಾಗುತ್ತದೆ. ಚಿತ್ರದಿಂದ ಅಕ್ಷರ ತೆಗೆಯುವ ಟೆಸರಾಕ್ಟ್ ತಂತ್ರಾಂಶ ಉಚಿತ, ಕನ್ನಡ ಓದುತ್ತದೆ. ಅಚ್ಚು ಚೆನ್ನಾಗಿದ್ದರೆ ಹುಡುಕಾಟಕ್ಕೆ ಸಾಲುವಷ್ಟು ಸರಿ ಇರುತ್ತದೆ, ಕೈಬರಹಕ್ಕೆ ಆಗದು.

ಪ್ರಾಜೆಕ್ಟಿನ ಹಕ್ಕು ಬರೆದ ವಿದ್ಯಾರ್ಥಿಯದ್ದು. ಪೂರ್ಣಪಠ್ಯವನ್ನು ಕಾಲೇಜಿನ ಹೊರಗೆ ಕಾಣುವಂತೆ ಇಡಲು ಒಪ್ಪಿಗೆ ಬೇಕು. ಈ ವರ್ಷದಿಂದ ನೋ ಡ್ಯೂ ಸರ್ಟಿಫಿಕೇಟಿನ ಜೊತೆಗೆ ಒಂದು ಒಪ್ಪಿಗೆ ಪತ್ರವನ್ನೂ ಇಟ್ಟುಬಿಡಿ. ‘ಒಪ್ಪಿದ್ದೇನೆ’, ‘ಕಾಲೇಜಿನ ಒಳಗೆ ಮಾತ್ರ’, ‘ಬೇಡ’ ಎಂಬ ಮೂರು ಚೌಕ ಇರಲಿ, ಬೇಡ ಎಂದವರ ನೋ ಡ್ಯೂ ತಡೆಯಬೇಡಿ. ಹಿಂದಿನ ವರ್ಷಗಳವರನ್ನು ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಕೇಳಿ ನೋಡಿ. ಸಂದರ್ಶನ ಕೊಟ್ಟವರ ಫೋನ್ ನಂಬರು, ವಿಳಾಸ ಅನುಬಂಧದಲ್ಲಿದ್ದರೆ ಸ್ಕ್ಯಾನಿಗೆ ಮೊದಲು ಆ ಪುಟ ತೆಗೆದಿಡಿ.